ಇಪ್ಪತ್ತು ಕಾರ್ಬನ್ನಿನ ಕೂಗು

ಕ್ಯಾನ್ಸರ್ ಹುಟ್ಟುವ ಗಳಿಗೆಯನ್ನು ಕಣ್ಣಾರೆ ಕಾಣುವುದು ಹೇಗೆ? ಕೈಗೆ ಗಂಟು ತಗಲುವ ಹೊತ್ತಿಗೆ, ಮಚ್ಚೆಯೊಂದು ಕಣ್ಣಿಗೆ ಬೀಳುವ ಹೊತ್ತಿಗೆ ಅಲ್ಲಿ ಲಕ್ಷ, ಕೋಟಿ ಲೆಕ್ಕದಲ್ಲಿ ಜೀವಕೋಶಗಳು ಸೇರಿಬಿಟ್ಟಿರುತ್ತವೆ. ದಾರಿ ತಪ್ಪಿದ ಮೊದಲ ಕೋಶ ಯಾವುದು, ಆಗ ಅದರ ಅಕ್ಕಪಕ್ಕದಲ್ಲಿ ಏನು ನಡೆಯುತ್ತಿತ್ತು, ದೇಹಕ್ಕೆ ಸುದ್ದಿ ಮುಟ್ಟಿತ್ತೋ ಇಲ್ಲವೋ ಎಂಬುದೆಲ್ಲ ಊಹೆಯ ಮಾತಾಗಿತ್ತು. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಯಿ ಫೆಂಗ್, ಪಾಲ್ ಮಾರ್ಟಿನ್ ಮತ್ತು ಅವರ ಸಂಗಡಿಗರು 2010ರಲ್ಲಿ ಅದನ್ನು ನೋಡಿಯೇ ಬಿಟ್ಟರು! ನೋಡಿದ್ದು ಎಲ್ಲಿ ಅಂದರೆ, ಕೆಲವೇ ಮಿಲಿಮೀಟರ್ ಉದ್ದದ ಒಂದು ಮರಿಮೀನಿನ ಚರ್ಮದಲ್ಲಿ.

ಜೀಬ್ರಾಮೀನಿನ ಮರಿ ಮೊಟ್ಟೆಯಿಂದ ಹೊರಬಂದ ಮೊದಲ ದಿನಗಳಲ್ಲಿ ಪೂರ್ತಿ ಪಾರದರ್ಶಕ. ಸೂಕ್ಷ್ಮದರ್ಶಕದ ಕೆಳಗೆ ಅದರ ಎದೆಬಡಿತ ಕಾಣುತ್ತದೆ, ರಕ್ತಕಣಗಳು ಸಾಲಾಗಿ ಓಡುವುದು ಕಾಣುತ್ತದೆ. ಬ್ರಿಸ್ಟಲ್ ತಂಡ ಅದರ ಚರ್ಮದ ಕೆಲವು ಕೋಶಗಳಲ್ಲಿ ಮನುಷ್ಯರ ಕ್ಯಾನ್ಸರಿನಲ್ಲಿ ಕಾಣುವ ರಾಸ್ ಎಂಬ ಕೆಟ್ಟ ಜೀನನ್ನು ಕೂರಿಸಿತು. ಆ ಜೀನ್ ಇರುವ ಕೋಶ ಹಸಿರಾಗಿ ಹೊಳೆಯುವಂತೆ ಮಾಡಿತು. ದೇಹ ಕಾಯುವ ಬಿಳಿ ರಕ್ತಕಣಗಳು ಕೆಂಪಾಗಿ ಹೊಳೆಯುವಂತೆ ಮಾಡಿತು. ಆಮೇಲೆ ಕ್ಯಾಮೆರಾ ಚಾಲೂ ಮಾಡಿ ಕಾದರು.

ಹಸಿರು ಕೋಶ ಒಂಟಿಯಾಗಿದ್ದಾಗಲೇ ಕೆಂಪು ಕೋಶಗಳು ಬಂದವು. ಗಡ್ಡೆ ಕಟ್ಟಿರಲಿಲ್ಲ, ಗಾಯವಾಗಿರಲಿಲ್ಲ, ಆದರೂ ಬಂದವು. ಕೆಟ್ಟ ಕೋಶವೂ ಅದರ ನೆರೆಯ ಒಳ್ಳೆಯ ಕೋಶಗಳೂ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತಿದ್ದವು. ಅದೇ ಕರೆ. ಚರ್ಮ ಕುಯ್ದುಕೊಂಡಾಗ ಗಾಯದ ಅಂಚಿನಿಂದ ಹೊರಡುವುದೂ ಇದೇ ಪೆರಾಕ್ಸೈಡ್. ಕರೆ ಕೇಳಿ ಬಂದ ಕಣಗಳು ಹಸಿರು ಕೋಶವನ್ನು ಮುಟ್ಟಿ ನೋಡುತ್ತವೆ, ಅದರಿಂದ ನೂಲಿನಷ್ಟು ತೆಳುವಾದ ಎಳೆ ಹಿಡಿದು ಜಗ್ಗುತ್ತವೆ, ಕೆಲವೊಮ್ಮೆ ಇಡೀ ಕೋಶವನ್ನೇ ನುಂಗಿಬಿಡುತ್ತವೆ. ಇಷ್ಟು ನೋಡಿದವರು ಯಾರೇ ಆಗಲಿ, ಕಾವಲುಗಾರ ಕಳ್ಳನನ್ನು ಹಿಡಿದ ಎಂದೇ ಹೇಳುತ್ತಾರೆ.

ಹಾಗಿದ್ದರೆ ಕಾವಲುಗಾರರನ್ನು ಬರದಂತೆ ತಡೆದರೆ ಕೆಟ್ಟ ಕೋಶಗಳು ಹೆಚ್ಚಬೇಕಲ್ಲವೇ? ತಡೆದು ನೋಡಿದರು. ಕಡಿಮೆಯಾದವು! ಒಂದು ನಿಮಿಷ ಇಲ್ಲಿ ನಿಂತು ಯೋಚಿಸಬೇಕು. ಬಿಳಿ ರಕ್ತಕಣಗಳಿಲ್ಲದ ಮೀನಿನಲ್ಲಿ ಕ್ಯಾನ್ಸರಿನ ಕುಡಿಗಳು ಬಡವಾಗಿದ್ದವು. ಅಂದರೆ ಕಾಯಲು ಬಂದವರು ಕಳ್ಳನ ಕೈಗೆ ಏನನ್ನೋ ಕೊಟ್ಟು ಹೋಗುತ್ತಿದ್ದರು. ಏನದು? ಇದೇ ತಂಡ 2012ರಲ್ಲಿ ಉತ್ತರ ಕೊಟ್ಟಿತು: ಪ್ರೊಸ್ಟಾಗ್ಲಾಂಡಿನ್ ಇ2. ಉರಿಯೂತದ ಸಂಕೇತ ಹೊತ್ತ ಒಂದು ಪುಟ್ಟ ಅಣು. ಅದು ತಯಾರಾಗುವುದು ಕೊಬ್ಬಿನಾಮ್ಲದಿಂದ.

ಮುಂದೆ ಹೋಗುವ ಮೊದಲು ಈ ಮೀನಿನ ಬಗ್ಗೆ ಒಂದು ಮಾತು. ಇಂದು ಜಗತ್ತಿನ ಪ್ರಯೋಗಾಲಯಗಳನ್ನೆಲ್ಲ ತುಂಬಿರುವ ಜೀಬ್ರಾಮೀನು ನಮ್ಮ ಉಪಖಂಡದ ಹೊಳೆ, ಗದ್ದೆಗಳ ಮೀನು. ಅದಕ್ಕೆ 1822ರಲ್ಲಿ ವಿಜ್ಞಾನದ ಹೆಸರು ಕೊಟ್ಟು, ಗಂಗಾನದಿಯ ಮೀನುಗಳ ಪುಸ್ತಕದಲ್ಲಿ ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಯಾರೀತ? ಟಿಪ್ಪು ಸತ್ತ ಮರುವರ್ಷ, 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬೆಳೆ, ಜಾತಿ, ಕಸುಬುಗಳನ್ನೆಲ್ಲ ಬರೆದಿಟ್ಟ ನಮ್ಮ ಬುಕಾನನ್ನೇ! ಮುಂದೆ ಆತ ತಾಯಿಯ ಮನೆತನದ ಹೆಸರು ಹಿಡಿದು ಹ್ಯಾಮಿಲ್ಟನ್ ಆದ. ಕರ್ನಾಟಕದ ಇತಿಹಾಸ ಓದುವವರಿಗೆ ಅಡಿಗಡಿಗೆ ಎದುರಾಗುವ ಆ ಸ್ಕಾಟ್ಲೆಂಡಿನ ವೈದ್ಯ ಹೆಸರಿಟ್ಟ ಮೀನಿನಲ್ಲಿ ಇಂದು ಕ್ಯಾನ್ಸರಿನ ಮೊದಲ ಕ್ಷಣ ಕಾಣುತ್ತಿದೆ.

ಈಗ ಆ ಅಣುವಿಗೆ ಬರೋಣ. ನಮ್ಮ ಪ್ರತಿ ಜೀವಕೋಶದ ಸುತ್ತ ಒಂದು ಪೊರೆಯಿದೆ. ಪೊರೆಯ ಹಂದರವೇ ಕೊಬ್ಬು. ಆ ಕೊಬ್ಬಿನ ಸಾಲಿನಲ್ಲಿ ಅಲ್ಲಲ್ಲಿ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಕೂತಿರುತ್ತದೆ. 20 ಕಾರ್ಬನ್ ಪರಮಾಣುಗಳ ಸರ, ನಡುವೆ 4 ಕಡೆ ಜೋಡಿಬಂಧ. ಕೋಶಕ್ಕೆ ಪೆಟ್ಟು ಬಿತ್ತು, ಬಿಸಿಲು ಸುಟ್ಟಿತು, ಸೂಕ್ಷ್ಮಾಣು ನುಗ್ಗಿತು ಎನ್ನಿ. ಒಂದು ಕಿಣ್ವ ಬಂದು ಈ ಸರವನ್ನು ಪೊರೆಯಿಂದ ಕತ್ತರಿಸಿ ತೆಗೆಯುತ್ತದೆ. ಕಾಕ್ಸ್ ಎಂಬ ಇನ್ನೊಂದು ಕಿಣ್ವ ಅದನ್ನು ಹಿಡಿದು, ಎರಡು ಆಮ್ಲಜನಕ ಅಣುಗಳನ್ನು ಸೇರಿಸಿ, ನಡುವಿನಲ್ಲಿ ಮಡಚಿ ಒಂದು ಉಂಗುರ ಮಾಡುತ್ತದೆ. ಮತ್ತೊಂದು ಕಿಣ್ವ ಕೊನೆಯ ತಿದ್ದುಪಡಿ ಮಾಡಿದರೆ ಪ್ರೊಸ್ಟಾಗ್ಲಾಂಡಿನ್ ಇ2 ಸಿದ್ಧ. ಇದನ್ನು ಮಾಡಿಟ್ಟುಕೊಳ್ಳುವ ಉಗ್ರಾಣವೇ ದೇಹದಲ್ಲಿಲ್ಲ. ಬೇಕಾದಾಗ, ಬೇಕಾದಲ್ಲಿ, ಆಗಿಂದಾಗ ತಯಾರಿ. ಕೆಲಸವೂ ಅಲ್ಲೇ, ಪಕ್ಕದ ಕೋಶಗಳ ಮೇಲೆ. ರಕ್ತಕ್ಕೆ ಸೇರಿ ಒಮ್ಮೆ ಶ್ವಾಸಕೋಶ ದಾಟುವಷ್ಟರಲ್ಲಿ ಬಹುಪಾಲು ನಾಶ. ಅಂದರೆ ಮನೆಯ ಗೋಡೆಯಾಗಿ ನಿಂತಿದ್ದ ಕೊಬ್ಬೇ ಅಪಾಯದ ಹೊತ್ತಿನಲ್ಲಿ ಕೂಗಾಗಿ ಬದಲಾಗುತ್ತದೆ!

ಬಿಳಿಚರ್ಮದವರು ಕಡಲತೀರದಲ್ಲಿ ಮಲಗಿ ಎದ್ದ ಮರುದಿನ ಕೆಂಪಡರಿ ಉರಿಯುವುದಿದೆಯಲ್ಲ, ಆ ಕೆಂಪಿನಲ್ಲಿ ದೊಡ್ಡ ಪಾಲು ಈ ಪ್ರೊಸ್ಟಾಗ್ಲಾಂಡಿನ್‌ಗಳದೇ. ನೇರಳಾತೀತ ಕಿರಣ ಬಿದ್ದ ಚರ್ಮದಲ್ಲಿ ಕಾಕ್ಸ್-2 ಕಿಣ್ವ ಏರುತ್ತದೆ, ರಕ್ತನಾಳಗಳು ಅಗಲವಾಗುತ್ತವೆ, ಸತ್ತ ಕೋಶಗಳ ಜಾಗಕ್ಕೆ ಹೊಸ ಕೋಶಗಳು ಬೆಳೆಯಲು ಅಪ್ಪಣೆ ಸಿಗುತ್ತದೆ. ಒಂದು ದಿನದಲ್ಲಿ ಉರಿ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಚರ್ಮ ರಿಪೇರಿಯಾಗುತ್ತದೆ. ಅದೇ ಅಪ್ಪಣೆ ಕೆಟ್ಟ ಜೀನಿನ ಕೋಶಕ್ಕೂ ಕೇಳಿಸಿದರೆ?

ಈ ಕತೆ ಎಷ್ಟು ಹಿಂದಕ್ಕೆ ಹೋಗುತ್ತದೆ ನೋಡಿ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಿಗೆ ಒಂದಿಷ್ಟೂ ಕೊಬ್ಬಿಲ್ಲದ ಆಹಾರ ಕೊಟ್ಟು ಸಾಕುತ್ತಿದ್ದರು. ಕೊಬ್ಬೆಂದರೆ ಬರೀ ಶಕ್ತಿಯ ಇಂಧನ, ಅದರ ಬದಲು ಸಕ್ಕರೆ ತಿಂದರೂ ನಡೆಯುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ. ಇಲಿಗಳಿಗೆ ಪ್ರೋಟೀನು, ಸಕ್ಕರೆ, ಲವಣ, ವಿಟಮಿನ್ ಎಲ್ಲವೂ ಸಿಗುತ್ತಿದ್ದವು. ಆದರೂ ಕೆಲವು ತಿಂಗಳಲ್ಲಿ ಅವುಗಳ ಬಾಲದ ಮೇಲೆ ಹುರುಪೆ ಏಳತೊಡಗಿತು. ಬಾಲ ಉಬ್ಬುತಗ್ಗಾಯಿತು, ಹಿಂಗಾಲು ಕೆಂಪೇರಿ ಊದಿಕೊಂಡಿತು, ಕೂದಲು ಉದುರಿತು, ಬೆಳವಣಿಗೆ ನಿಂತಿತು, ಕೊನೆಗೆ ಮೂತ್ರಪಿಂಡ ಕೆಟ್ಟು ಸತ್ತವು. ಕೆಲವೇ ಹನಿ ಕೊಬ್ಬು ಕೊಟ್ಟಾಗ ಚರ್ಮ ಮತ್ತೆ ನುಣುಪಾಯಿತು! ಆ ಹನಿಗಳಲ್ಲಿದ್ದ ಅಸಲಿ ವಸ್ತು ಲಿನೋಲಿಕ್ ಆಮ್ಲ ಎಂದು ಅವರು 1929-30ರಲ್ಲಿ ತೋರಿಸಿದರು. ದೇಹ ತಾನಾಗಿ ಮಾಡಿಕೊಳ್ಳಲಾರದ, ತಿಂದೇ ಪಡೆಯಬೇಕಾದ ಕೊಬ್ಬು ಅದು. ನಾವು ತಿಂದ ಲಿನೋಲಿಕ್ ಆಮ್ಲಕ್ಕೆ ಎರಡು ಕಾರ್ಬನ್ ಜೋಡಿಸಿಯೇ ದೇಹ ಅರಾಕಿಡೋನಿಕ್ ಆಮ್ಲ ಮಾಡುವುದು. ಕೊಬ್ಬಿನಾಮ್ಲದ ಕೊರತೆಯನ್ನು ಎಲ್ಲಕ್ಕಿಂತ ಮೊದಲು ಸಾರಿ ಹೇಳಿದ್ದು ಚರ್ಮ ಎಂಬುದು ನನ್ನನ್ನು ಈಗಲೂ ಬೆರಗಾಗಿಸುತ್ತದೆ.

ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ 1935ರಲ್ಲಿ ಪ್ರೊಸ್ಟಾಗ್ಲಾಂಡಿನ್‌ಗೆ ಹೆಸರಿಟ್ಟರು, ಅವರಿಂದ ಕೆಲಸ ವಹಿಸಿಕೊಂಡ ಸುನೆ ಬರ್ಗ್‌ಸ್ಟ್ರಾಮ್ ರಾಶಿರಾಶಿ ಕುರಿ ಗ್ರಂಥಿಗಳನ್ನು ಅರೆದು, ಶುದ್ಧಮಾಡಿ, 1962ರ ಹೊತ್ತಿಗೆ ಅದರ ರಚನೆ ಬಿಡಿಸಿಟ್ಟರು. ಅರಾಕಿಡೋನಿಕ್ ಆಮ್ಲದಿಂದಲೇ ಅದು ಹುಟ್ಟುತ್ತದೆಂದು 1964ರಲ್ಲಿ ಸ್ವೀಡನ್ ಮತ್ತು ಹಾಲೆಂಡಿನ ತಂಡಗಳೆರಡೂ ತೋರಿಸಿದವು. ಆಗ ಈ ವಸ್ತು ತೀರಾ ಅಪರೂಪವಾಗಿತ್ತು. ಅಂಥದ್ದರಲ್ಲಿ 1969ರಲ್ಲಿ ಕೆರಿಬಿಯನ್ ಸಮುದ್ರದಿಂದ ಸುದ್ದಿ ಬಂತು. ಅಲ್ಲಿನ ಒಂದು ಮೆದು ಹವಳ, ಪ್ಲೆಕ್ಸೌರ ಹೋಮೊಮಲ್ಲ, ಮೈತುಂಬ ಪ್ರೊಸ್ಟಾಗ್ಲಾಂಡಿನ್ ಹೊತ್ತು ನಿಂತಿದೆ! ಒಣತೂಕದಲ್ಲಿ ಶೇಕಡಾ ಒಂದಕ್ಕೂ ಹೆಚ್ಚು. ನಮ್ಮ ದೇಹದಲ್ಲಿ ಹುಡುಕಿದರೂ ಸಿಗದಷ್ಟು ಕೊಂಚ ಇರುವ ವಸ್ತುವನ್ನು ಹವಳ ರಾಶಿ ಹಾಕಿಕೊಂಡದ್ದೇಕೆ? ಕಚ್ಚಲು ಬಂದ ಮೀನು ವಾಂತಿ ಮಾಡಿಕೊಂಡು ಓಡಲಿ ಎಂದು. ಮನುಷ್ಯನಿಗೂ ಹವಳಕ್ಕೂ ಒಂದೇ ರಸಾಯನದ ಭಾಷೆ.

ಲಂಡನ್ನಿನಲ್ಲಿ ಜಾನ್ ವೇನ್ 1971ರಲ್ಲಿ ಇನ್ನೊಂದು ಬಾಗಿಲು ತೆರೆದರು. ಆಸ್ಪಿರಿನ್ 1899ರಿಂದ ಮಾರುಕಟ್ಟೆಯಲ್ಲಿತ್ತು. ನೋವು ಇಳಿಸುತ್ತದೆ, ಜ್ವರ ಇಳಿಸುತ್ತದೆ, ಹೇಗೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದು ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನೇ ನಿಲ್ಲಿಸುತ್ತದೆ ಎಂದು ವೇನ್ ಕಂಡುಹಿಡಿದರು. ಬರ್ಗ್‌ಸ್ಟ್ರಾಮ್, ಅವರ ಶಿಷ್ಯ ಬೆಂಗ್ಟ್ ಸ್ಯಾಮುಯೆಲ್ಸನ್ ಮತ್ತು ವೇನ್ 1982ರ ನೊಬೆಲ್ ಹಂಚಿಕೊಂಡರು.

ಚರ್ಮದ ಕ್ಯಾನ್ಸರಿಗೂ ಕೊಬ್ಬಿಗೂ ನಂಟಿದೆ ಎಂಬ ಅನುಮಾನ ಇದಕ್ಕಿಂತ ಹಳೆಯದು. ವಿಸ್ಕಾನ್ಸಿನ್‌ನ ಬೌಮನ್ ಮತ್ತು ರುಶ್ 1939ರಲ್ಲೇ, ಹೆಚ್ಚು ಕೊಬ್ಬು ತಿಂದ ಇಲಿಗಳಲ್ಲಿ ನೇರಳಾತೀತ ಕಿರಣದ ಗಡ್ಡೆಗಳು ಬೇಗ ಏಳುತ್ತವೆಂದು ಬರೆದಿದ್ದರು. ಮನುಷ್ಯರ ಮೇಲೆ ನೋಡಿದ್ದು ಹ್ಯೂಸ್ಟನ್ನಿನಲ್ಲಿ. ಹೋಮರ್ ಬ್ಲ್ಯಾಕ್ ತಂಡ ಚರ್ಮದ ಕ್ಯಾನ್ಸರ್ ಆಗಿ ಹೋಗಿದ್ದ 76 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಹಾರದ ಕ್ಯಾಲರಿಯಲ್ಲಿ ಶೇಕಡಾ 20 ಮಾತ್ರ ಕೊಬ್ಬಿನಿಂದ ಬರುವಂತೆ ಊಟ ಕಲಿಸಿತು. ಎರಡು ವರ್ಷ ಲೆಕ್ಕ ಇಟ್ಟರು. ಬಿಸಿಲಿಗೆ ಚರ್ಮದ ಮೇಲೆ ಏಳುವ ಒರಟು ಕಲೆಗಳು, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದವು, ಎಂದಿನ ಊಟ ಮಾಡಿದವರಲ್ಲಿ ತಲೆಗೆ ಸರಾಸರಿ 10 ಹೊಸದಾಗಿ ಎದ್ದವು. ಕಡಿಮೆ ಕೊಬ್ಬಿನವರಲ್ಲಿ 3. ಈ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಅಧ್ಯಯನ ಚಿಕ್ಕದು, ಆದರೆ ವ್ಯತ್ಯಾಸ ಚಿಕ್ಕದಲ್ಲ.

ಕಿಣ್ವವನ್ನೇ ಹಿಡಿದು ನಿಲ್ಲಿಸಿದರೆ? ಇಂಥ ಒರಟು ಕಲೆಗಳಿದ್ದ 240 ಅಮೆರಿಕನ್ನರಲ್ಲಿ ಅರ್ಧ ಮಂದಿಗೆ ಕಾಕ್ಸ್-2 ತಡೆಯುವ ಸೆಲೆಕಾಕ್ಸಿಬ್ ಗುಳಿಗೆ ಕೊಟ್ಟು ನೋಡಿದ ಅಧ್ಯಯನ 2010ರಲ್ಲಿ ಹೊರಬಂತು. ಕಲೆಗಳು ಕಡಿಮೆಯಾಗಲಿಲ್ಲ. ಆದರೆ ಮೆಲನೋಮ ಅಲ್ಲದ ಚರ್ಮದ ಕ್ಯಾನ್ಸರುಗಳು ಅರ್ಧಕ್ಕಿಂತ ಕೆಳಗಿಳಿದವು! ಹಾಗೆಂದು ಆ ಗುಳಿಗೆಯನ್ನು ಎಲ್ಲರಿಗೂ ಹಂಚುವಂತಿಲ್ಲ. ಅದರ ಸಂಬಂಧಿ ರೋಫೆಕಾಕ್ಸಿಬ್ ಹೃದಯಾಘಾತ ಹೆಚ್ಚಿಸಿ 2004ರಲ್ಲಿ ಮಾರುಕಟ್ಟೆಯಿಂದ ಹೊರನಡೆದಿತ್ತು. ಒಂದೇ ಪ್ರೊಸ್ಟಾಗ್ಲಾಂಡಿನ್ ಚರ್ಮದಲ್ಲಿ ಒಂದು ಕೆಲಸ, ಹೊಟ್ಟೆಯ ಒಳಪದರದಲ್ಲಿ ಇನ್ನೊಂದು, ಮೂತ್ರಪಿಂಡದಲ್ಲಿ ಮತ್ತೊಂದು ಮಾಡುವಾಗ ಎಲ್ಲ ಕಡೆ ಒಟ್ಟಿಗೆ ಬಾಯಿ ಮುಚ್ಚಿಸುವುದು ಅಪಾಯ.

ಮತ್ತೆ ಬ್ರಿಸ್ಟಲ್ ಮೀನಿಗೆ ಬರುತ್ತೇನೆ, ಏಕೆಂದರೆ 2015ರಲ್ಲಿ ಅದೇ ಬಳಗ ತೋರಿಸಿದ್ದು ಇನ್ನೂ ನಡುಕ ಹುಟ್ಟಿಸುವಂಥದ್ದು. ಕೆಟ್ಟ ಕೋಶಗಳ ಪಕ್ಕದಲ್ಲಿ ಲೇಸರಿನಿಂದ ಒಂದು ಸಣ್ಣ ಗಾಯ ಮಾಡಿದರು. ಗಾಯಕ್ಕೆಂದು ಓಡಿಬಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿ ಕೆಲವು ಅರ್ಧದಾರಿಯಲ್ಲೇ ಕೆಟ್ಟ ಕೋಶಗಳತ್ತ ತಿರುಗಿದವು. ಆ ಕೋಶಗಳು ಇನ್ನೂ ವೇಗವಾಗಿ ಇಬ್ಭಾಗವಾದವು. ಮನುಷ್ಯರ ಮೆಲನೋಮದಲ್ಲೂ ಹುಣ್ಣಾಗಿ ಒಡೆದು ನ್ಯೂಟ್ರೋಫಿಲ್ ತುಂಬಿಕೊಂಡವು ಹೆಚ್ಚು ಮಾರಕವೆಂದು ಅವರು ರೋಗಿಗಳ ಮಾದರಿಗಳಲ್ಲಿ ಕಂಡರು. ಗಡ್ಡೆಗಳು ಎಂದಿಗೂ ಮಾಯದ ಗಾಯಗಳು ಎಂದು ಬಾಸ್ಟನ್ನಿನ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಹೇಳಿದ್ದರು. ಕಣ್ಣೆದುರು ಓಡುವ ಕೆಂಪು ಚುಕ್ಕೆಗಳಲ್ಲಿ ಆ ಮಾತಿಗೆ ಜೀವ ಬಂತು.

ಮೆಲನೋಮ ಎಂದೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ, ಕರಿ ಮಚ್ಚೆಯಂತೆ ಕಾಣುವ ಈ ಕ್ಯಾನ್ಸರಿನ ಭವಿಷ್ಯ ನಿಂತಿರುವುದು ಆಳದ ಮೇಲೆ. ಎಷ್ಟು ಮಿಲಿಮೀಟರ್ ಕೆಳಗಿಳಿದಿದೆ ಎಂದು ಅಳೆದು ನೋಡುವ ಪದ್ಧತಿಯನ್ನು ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ತಂದರು, ಇವತ್ತಿಗೂ ಆಸ್ಪತ್ರೆಗಳು ಅದನ್ನೇ ನಂಬಿವೆ. ಇಳಿಯುತ್ತ ಹೋದರೆ ಕೆಳಗೆ ಸಿಗುವುದು ಏನು? ಕೊಬ್ಬಿನ ಪದರ! ನ್ಯೂಯಾರ್ಕಿನ ರಿಚರ್ಡ್ ವೈಟ್ ತಂಡ 2018ರಲ್ಲಿ ಈ ಭೇಟಿಯನ್ನೇ ಬೆನ್ನತ್ತಿತು. ಅವರದೂ ಜೀಬ್ರಾಮೀನೇ, ಆದರೆ ಬೆಳೆದ ಮೇಲೂ ಪಾರದರ್ಶಕವಾಗಿ ಉಳಿಯುವ ತಳಿ. ಮೆಲನೋಮದ ಕೋಶ ಕೊಬ್ಬಿನ ಕೋಶದ ಮಗ್ಗುಲಿಗೆ ಬಂದಾಗ, ಬಣ್ಣ ಹಚ್ಚಿದ ಕೊಬ್ಬಿನಾಮ್ಲಗಳು ಒಂದರಿಂದ ಇನ್ನೊಂದಕ್ಕೆ ಹರಿದುಹೋಗುವುದು ಕಂಡಿತು. ಕ್ಯಾನ್ಸರ್ ಕೋಶ ತನ್ನ ಪೊರೆಯ ಮೇಲೆ ಕೊಬ್ಬು ಎಳೆದುಕೊಳ್ಳುವ ಪ್ರೋಟೀನನ್ನು ಹೆಚ್ಚಾಗಿ ನಿಲ್ಲಿಸಿಕೊಂಡಿತ್ತು. ಉಂಡ ಕೊಬ್ಬಿನ ಬಲದಲ್ಲಿ ಬೆಳೆದು ಒಳನುಗ್ಗುತ್ತಿತ್ತು. ಆ ಪ್ರೋಟೀನನ್ನು ಮುಚ್ಚುವ ಮದ್ದು ಕೊಟ್ಟಾಗ ಮೀನಿನ ಗಡ್ಡೆ ಸೊರಗಿತು.

ಇನ್ನೂ ಇದೆ. ನನಗೆ ಎಲ್ಲಕ್ಕಿಂತ ರೋಮಾಂಚನ ತಂದದ್ದು ಡಲ್ಲಾಸಿನ ಶಾನ್ ಮಾರಿಸನ್ ಪ್ರಯೋಗಾಲಯದಿಂದ ಜೆಸಲಿನ್ ಉಬೆಲಾಕರ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಕೆಲಸ. ಮೆಲನೋಮ ಮೊದಲು ಹರಡುವುದು ಹೆಚ್ಚಾಗಿ ದುಗ್ಧರಸದ ನಾಳಗಳಲ್ಲಿ, ಆಮೇಲೆ ರಕ್ತದಲ್ಲಿ. ಏಕೆ ಹೀಗೆ ಎಂಬುದು ಒಗಟಾಗಿತ್ತು. ರಕ್ತಕ್ಕೆ ನೇರ ಇಳಿದ ಕ್ಯಾನ್ಸರ್ ಕೋಶಗಳಲ್ಲಿ ಬಹಳಷ್ಟು ಸತ್ತುಹೋಗುತ್ತವೆ. ಹಬ್ಬಕ್ಕೆ ಮಾಡಿದ ಚಕ್ಕುಲಿ ಡಬ್ಬಿಯ ತಳದಲ್ಲಿ ಉಳಿದು ಕಮಟು ಹತ್ತುವುದಿಲ್ಲವೇ, ಅದೇ ರಸಾಯನ ಅವುಗಳ ಪೊರೆಯಲ್ಲಿ ನಡೆಯುತ್ತದೆ: ಹಲವು ಜೋಡಿಬಂಧಗಳ ಕೊಬ್ಬು ಆಮ್ಲಜನಕಕ್ಕೆ ಸಿಕ್ಕಿ, ಕಬ್ಬಿಣದ ಕುಮ್ಮಕ್ಕಿನಿಂದ ಕೆಟ್ಟು, ಪೊರೆಯೇ ಹರಿದುಹೋಗುತ್ತದೆ. ದುಗ್ಧರಸದ ದಾರಿ ಹಿಡಿದ ಕೋಶಗಳು ಬದುಕುತ್ತವೆ. ಏಕೆಂದರೆ ಆ ರಸದಲ್ಲಿ ಓಲಿಕ್ ಆಮ್ಲ ಹೆಚ್ಚು, ಕಬ್ಬಿಣ ಕಡಿಮೆ. ಓಲಿಕ್ ಆಮ್ಲಕ್ಕೆ ಒಂದೇ ಜೋಡಿಬಂಧ, ಸುಲಭಕ್ಕೆ ಕೆಡುವುದಿಲ್ಲ. ದಾರಿಯಲ್ಲಿ ಅದನ್ನು ಹೀರಿ ಪೊರೆಗೆ ಸೇರಿಸಿಕೊಂಡ ಕೋಶ ಮುಂದೆ ರಕ್ತಕ್ಕೆ ಇಳಿದಾಗಲೂ ಸಾಯದೆ ದೂರದ ಅಂಗ ಸೇರುತ್ತದೆ. ಇಲಿಗಳಲ್ಲಿ ಕಂಡದ್ದು ಇದು. ಕೊಬ್ಬು ಇಲ್ಲಿ ಊಟವೂ ಅಲ್ಲ, ಕೂಗೂ ಅಲ್ಲ. ಕವಚ!

ಇಷ್ಟು ಓದಿದವರು ಅಡುಗೆಮನೆಯ ಕಡೆ ನೋಡುತ್ತಾರೆಂದು ಬಲ್ಲೆ. ಉತ್ತರ ಕರ್ನಾಟಕದ ಕುಸುಬೆ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ದಂಡಿಯಾಗಿದೆ, ಕರಾವಳಿಯ ಬೂತಾಯಿ ಮೀನಿನಲ್ಲಿ ಇಪಿಎ ಎಂಬ ಒಮೆಗಾ-3 ಆಮ್ಲ ತುಂಬಿದೆ. ಇಪಿಎ ಕೂಡ 20 ಕಾರ್ಬನ್ನಿನದೇ, ಜೋಡಿಬಂಧ ಮಾತ್ರ 5. ಕಾಕ್ಸ್ ಕಿಣ್ವದ ಮುಂದೆ ಅದು ಅರಾಕಿಡೋನಿಕ್ ಆಮ್ಲಕ್ಕೆ ಪೈಪೋಟಿ ಕೊಡುತ್ತದೆ, ಅದರಿಂದ ಹುಟ್ಟುವ ಸಂಕೇತಗಳು ಮೆತ್ತಗಿನವು. ಮ್ಯಾಂಚೆಸ್ಟರಿನ ಲೆಸ್ಲಿ ರೋಡ್ಸ್ 2003ರಲ್ಲಿ, ಮೂರು ತಿಂಗಳು ಇಪಿಎ ಸೇವಿಸಿದವರ ಚರ್ಮ ಕೆಂಪಾಗಲು ಹೆಚ್ಚು ನೇರಳಾತೀತ ಬೇಕಾಯಿತೆಂದು ತೋರಿಸಿದರು. ಆದರೆ ತಿಂದ ಲಿನೋಲಿಕ್ ಆಮ್ಲವೆಲ್ಲ ನೇರವಾಗಿ ಅರಾಕಿಡೋನಿಕ್ ಆಗುವುದಿಲ್ಲ, ದೇಹ ಅದನ್ನು ಬಿಗಿಯಾಗಿ ಹಿಡಿದಿಟ್ಟಿದೆ. ಆದ್ದರಿಂದ ಎಣ್ಣೆ ಡಬ್ಬಿ ಬದಲಿಸುವುದರಿಂದ ಕ್ಯಾನ್ಸರ್ ತಪ್ಪುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವೈದ್ಯರನ್ನು ಕೇಳದೆ ದಿನಾ ಆಸ್ಪಿರಿನ್ ನುಂಗುವುದಂತೂ ಬೇಡವೇ ಬೇಡ. ನಮ್ಮಂಥ ಕಂದುಚರ್ಮದವರಲ್ಲಿ ಮೆಲನೋಮ ಅಪರೂಪ. ಬಂದಾಗ ಅಂಗಾಲು, ಅಂಗೈ, ಉಗುರಿನ ಬುಡದಂಥ ಬಿಸಿಲು ಕಾಣದ ಜಾಗಗಳಲ್ಲೇ ಹೆಚ್ಚು. ಅಲ್ಲಿ ಬೆಳೆಯುತ್ತಿರುವ ಕಪ್ಪು ಕಲೆ ಕಂಡರೆ ತೋರಿಸಿಕೊಳ್ಳುವುದು ಯಾವ ಎಣ್ಣೆಗಿಂತಲೂ ದೊಡ್ಡ ಕೆಲಸ.

ಬಿಳಿ ರಕ್ತಕಣಗಳು ಪ್ರೊಸ್ಟಾಗ್ಲಾಂಡಿನ್ ಕೊಟ್ಟು ಗಡ್ಡೆ ಸಾಕಿದ ಕತೆ ಹೇಳಿದೆ. ಗಡ್ಡೆಯೇ ಅದನ್ನು ತಯಾರಿಸತೊಡಗಿದರೆ? ಲಂಡನ್ನಿನಲ್ಲಿ ಸಾಂಟಿಯಾಗೊ ಜೆಲೆನಾಯ್ ಮತ್ತು ಕೇಟಾನೊ ರೇಸ್ ಇ ಸೌಸ 2015ರಲ್ಲಿ ಇಲಿ ಮೆಲನೋಮದ ಕೋಶಗಳಿಂದ ಎರಡೂ ಕಾಕ್ಸ್ ಜೀನುಗಳನ್ನು ಕತ್ತರಿಸಿ ತೆಗೆದರು. ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಲ್ಲಿ ಆ ಕೋಶಗಳು ಎಂದಿನಂತೆಯೇ ಬೆಳೆದವು. ಆರೋಗ್ಯವಂತ ಇಲಿಗಳಲ್ಲಿ ಗಡ್ಡೆ ಕಟ್ಟಿ, ಕರಗಿ, ಮಾಯವಾದವು! ಅಂದರೆ ಪ್ರೊಸ್ಟಾಗ್ಲಾಂಡಿನ್ ಇ2 ಗಡ್ಡೆಗೆ ಅಡಗುತಾಣ. ಅದಿದ್ದಷ್ಟು ಕಾಲ ದೇಹದ ಬೇಟೆಗಾರ ಕೋಶಗಳಿಗೆ ಸುದ್ದಿ ಹೋಗುವುದಿಲ್ಲ. ಮೂರು ವರ್ಷದ ನಂತರ ಇದೇ ಬಳಗ ಸುದ್ದಿ ಎಲ್ಲಿ ಕಡಿಯುತ್ತದೆಂದೂ ಹುಡುಕಿತು: ಎನ್‌ಕೆ ಎಂಬ ಕೋಶಗಳು ಡೆಂಡ್ರೈಟಿಕ್ ಕೋಶಗಳನ್ನು ಕರೆತರಬೇಕು, ಡೆಂಡ್ರೈಟಿಕ್ ಕೋಶಗಳು ಟಿ ಕೋಶಗಳೆಂಬ ಬೇಟೆಗಾರರಿಗೆ ಗುರಿ ತೋರಿಸಬೇಕು. ಪ್ರೊಸ್ಟಾಗ್ಲಾಂಡಿನ್ ಮೊದಲ ಕೊಂಡಿಯನ್ನೇ ತುಂಡರಿಸುತ್ತದೆ.

ಟಿ ಕೋಶಗಳ ಸರದಿ 2024ರಲ್ಲಿ ಬಂತು. ಮ್ಯೂನಿಕ್ ಮತ್ತು ಲೊಸಾನ್ ನಗರಗಳ ಎರಡು ತಂಡಗಳು ಒಟ್ಟೊಟ್ಟಿಗೆ ಪ್ರಕಟಿಸಿದ ಲೇಖನಗಳ ಪ್ರಕಾರ, ಗಡ್ಡೆಯೊಳಗೆ ಹೊಕ್ಕ ಟಿ ಕೋಶಗಳ ಮೈಮೇಲೆ ಈ ಅಣುವನ್ನು ಕೇಳಿಸಿಕೊಳ್ಳುವ ಎರಡು ಗ್ರಾಹಕಗಳಿವೆ, ಇಪಿ2 ಮತ್ತು ಇಪಿ4. ಅಲ್ಲಿಗೆ ಪ್ರೊಸ್ಟಾಗ್ಲಾಂಡಿನ್ ಬಂದು ತಗಲಿದರೆ ಬೆಳೆದು ಹೆಚ್ಚಬೇಕೆಂಬ ಅಪ್ಪಣೆ ಅವುಗಳಿಗೆ ಕೇಳಿಸದಾಗುತ್ತದೆ. ಗ್ರಾಹಕಗಳಿಲ್ಲದ ಟಿ ಕೋಶಗಳು ಇಲಿಯ ಗಡ್ಡೆಯೊಳಗೇ ತುಂಬಿ ಬೆಳೆದು ಅದನ್ನು ಹೊಡೆದುಹಾಕಿದವು. ಅದೇ ವರ್ಷ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ರೋಗಿಯ ಮೆಲನೋಮದಿಂದಲೇ ಟಿ ಕೋಶ ತೆಗೆದು ಹೊರಗೆ ಬೆಳೆಸಿ ಮರಳಿ ಕೊಡುವ ಚಿಕಿತ್ಸೆಗೆ ಮೊದಲ ಬಾರಿ ಒಪ್ಪಿಗೆ ಕೊಟ್ಟಿತ್ತು. ಹೀಗೆ ಬೆಳೆಸುವಾಗ ಎಷ್ಟೋ ಸಲ ಕೋಶಗಳು ಸಾಕಷ್ಟು ಹೆಚ್ಚುವುದಿಲ್ಲ. ಕೊಬ್ಬಿನ ಆ ಕೂಗು ಕಿವಿಗೆ ಬೀಳದಂತೆ ಎರಡು ಗ್ರಾಹಕಗಳನ್ನೂ ಮುಚ್ಚಿ ಬೆಳೆಸಿದಾಗ ಮನುಷ್ಯರ ಗಡ್ಡೆಯಿಂದ ತೆಗೆದ ಟಿ ಕೋಶಗಳು ಇನ್ನೂ ಹೆಚ್ಚು ಬೆಳೆದವು, ಗಡ್ಡೆಯನ್ನು ಗುರುತಿಸುವುದರಲ್ಲೂ ಚುರುಕಾದವು ಎಂದು ಲೊಸಾನ್ ತಂಡ ತೋರಿಸಿದೆ.